ಖಾರ ಬಿಟ್ಟರು, ತರ್ರಿ ಬಿಡಲಿಲ್ಲ

ಮೇದೋಜೀರಕ ಗ್ರಂಥಿಗೆ ಉರಿಯೂತವಾಗಿ ಆಸ್ಪತ್ರೆ ಸೇರಿ, ಸಲೈನ್ ಏರಿಸಿಕೊಂಡು, ವಾರದೊಳಗೆ ಮನೆಗೆ ಬಂದವರ ಅಡುಗೆಮನೆಯಲ್ಲಿ ಮೊದಲು ಮೂಲೆ ಸೇರುವುದು ಖಾರದ ಡಬ್ಬಿ. ಕೊಲ್ಹಾಪುರ ಜಿಲ್ಲೆಯ ಇಚಲಕರಂಜಿ, ಯಡ್ರಾವ, ಜಯಸಿಂಗಪುರದ ಕಡೆ ಕಾಂದಾ-ಲಸೂಣ ಮಸಾಲೆ ಬೀಳದ ಪಲ್ಯ ಪಲ್ಯವೇ ಅಲ್ಲ. ಹಾಗಾಗಿ ಅದನ್ನು ಬಿಟ್ಟದ್ದೇ ದೊಡ್ಡ ಪಥ್ಯ ಎಂದು ಮನೆಮಂದಿಗೆ ಅನ್ನಿಸುವುದು ಸಹಜ. ಖಾರ ಹೋದ ಜಾಗಕ್ಕೆ ಗ್ಲಾಸು ತುಂಬ ಎಮ್ಮೆ ಹಾಲು ಬರುತ್ತದೆ, ರೊಟ್ಟಿಯ ಮೇಲೆ ತುಪ್ಪ ಬರುತ್ತದೆ, ಬಾಯಿ ಸಪ್ಪಗಾಗಬಾರದೆಂದು ಶೇಂಗಾ ಹಿಂಡಿ ಬರುತ್ತದೆ. ಇನ್ನು ಕೆಲವು ಮನೆಗಳಲ್ಲಿ ಇದಕ್ಕೆ ತೀರ ವಿರುದ್ಧ: ತಿಂಗಳುಗಟ್ಟಲೆ ಗಂಜಿ, ಗ್ಲುಕೋಸ್ ನೀರು, ಅಷ್ಟೇ. ಎರಡೂ ಕಡೆ ರೋಗಿಯ ಮೇಲಿನ ಕಾಳಜಿಗೆ ಕೊರತೆಯಿಲ್ಲ. ಆದರೆ ಎರಡೂ ಕಡೆ ಪಥ್ಯ ತಪ್ಪು ಶತ್ರುವನ್ನು ಹಿಡಿದು ಕೂತಿದೆ. ಖಾರದ ಪುಡಿ ಈ ಗ್ರಂಥಿಯನ್ನು ಮತ್ತೆ ಕೆರಳಿಸುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಮತ್ತೆ ಕೆರಳಿಸುವ ಸಂಗತಿಗಳು ಬೇರೆ ಇವೆ. ಮನೆಗೆ ಬಂದ ಮೊದಲ ಕೆಲವು ತಿಂಗಳಲ್ಲಿ ಅವುಗಳ ಕಡೆ ಯಾರ ಗಮನವೂ ಹೋಗುವುದಿಲ್ಲ ಎಂಬುದೇ ಈ ಲೇಖನದ ಆತಂಕ.

ಈ ಗ್ರಂಥಿ ಹೊಟ್ಟೆಯ ಹಿಂದೆ, ಬೆನ್ನೆಲುಬಿಗೆ ಆತುಕೊಂಡು ಅಡ್ಡಲಾಗಿ ಮಲಗಿರುತ್ತದೆ. ದಿನಕ್ಕೆ ಸುಮಾರು ಒಂದೂವರೆ ಲೀಟರ್ ಜೀರ್ಣರಸ ಮಾಡುತ್ತದೆ. ಆ ರಸದಲ್ಲಿ ಕೊಬ್ಬು ಒಡೆಯುವ ಲೈಪೇಸ್ ಇದೆ, ಪಿಷ್ಟ ಒಡೆಯುವ ಅಮೈಲೇಸ್ ಇದೆ, ಮಾಂಸವನ್ನೂ ಬೇಳೆಯನ್ನೂ ಕರಗಿಸುವ ಟ್ರಿಪ್ಸಿನ್ ಇದೆ. ಟ್ರಿಪ್ಸಿನ್ ಚುರುಕಾಗಬೇಕಾದದ್ದು ಸಣ್ಣ ಕರುಳಿಗೆ ಇಳಿದ ಮೇಲೆ. ಅದಕ್ಕೂ ಮೊದಲೇ, ಗ್ರಂಥಿಯೊಳಗೇ ಚುರುಕಾದರೆ ಗ್ರಂಥಿ ತನ್ನನ್ನು ತಾನೇ ಜೀರ್ಣಿಸಿಕೊಳ್ಳತೊಡಗುತ್ತದೆ. ಹಾನ್ಸ್ ಕಿಯಾರಿ ಎಂಬ ವಿಜ್ಞಾನಿ 1896 ರಲ್ಲೇ ಈ ಮಾತು ಹೇಳಿದ್ದ. ಐದು ವರ್ಷಗಳ ನಂತರ, 1901 ರಲ್ಲಿ, ಬಾಲ್ಟಿಮೋರ್‌ನ ಯೂಜೀನ್ ಓಪಿ ಶವಪರೀಕ್ಷೆಯಲ್ಲಿ ಒಂದು ಸಣ್ಣ ಹರಳನ್ನು ಕಂಡ. ಪಿತ್ತಕೋಶದಿಂದ ಜಾರಿ ಬಂದ ಆ ಹರಳು, ಪಿತ್ತನಾಳವೂ ಮೇದೋಜೀರಕದ ನಾಳವೂ ಕೂಡಿ ಕರುಳಿಗೆ ತೆರೆಯುವ ಬಾಯಲ್ಲಿ ಸಿಕ್ಕಿಕೊಂಡಿತ್ತು. ದ್ವಾರ ಮುಚ್ಚಿದರೆ ಮೇಲಿನ ಗ್ರಂಥಿ ಕೆರಳುತ್ತದೆ ಎಂಬ ಅವನ ತರ್ಕಕ್ಕೆ ಇವತ್ತಿಗೂ ಬೆಲೆಯಿದೆ.

ನೋವಿನ ಗುರುತು ಸ್ಪಷ್ಟ. ಎದೆಗೂಡಿನ ಕೆಳಗೆ ಒಮ್ಮೆಲೇ ಏಳುವ ಬ್ಯಾನಿ ಬೆನ್ನಿಗೆ ಹಾಯುತ್ತದೆ. ಅಂಗಾತ ಮಲಗಿದರೆ ಹೆಚ್ಚುತ್ತದೆ, ಮುಂದಕ್ಕೆ ಬಾಗಿ ಮೊಣಕಾಲು ಅಪ್ಪಿ ಕೂತರೆ ತುಸು ತಗ್ಗುತ್ತದೆ. ವಾಂತಿ ನಿಲ್ಲುವುದಿಲ್ಲ. ನಮ್ಮ ಕಡೆ ಇದಕ್ಕೆ ಮೊದಲ ಹೆಸರು ‘ಪಿತ್ತ’, ಎರಡನೆಯದು ‘ಗ್ಯಾಸ್’. ಮೆಡಿಕಲ್ ಅಂಗಡಿಯ ಆಸಿಡಿಟಿ ಗುಳಿಗೆ ನುಂಗುವುದರಲ್ಲೇ ಒಂದು ರಾತ್ರಿ ಕಳೆದುಹೋಗುತ್ತದೆ. 2012 ರಲ್ಲಿ ಪರಿಷ್ಕರಿಸಿದ ಅಟ್ಲಾಂಟಾ ಮಾನದಂಡದ ಪ್ರಕಾರ ಇಂಥ ನೋವು, ರಕ್ತದಲ್ಲಿ ಮಾಮೂಲಿ ಮಿತಿಯ ಮೂರು ಪಟ್ಟಿಗೆ ಏರಿದ ಲೈಪೇಸ್ ಅಥವಾ ಅಮೈಲೇಸ್, ಸ್ಕ್ಯಾನ್‌ನಲ್ಲಿ ಕಾಣುವ ಬದಲಾವಣೆ, ಈ ಮೂರರಲ್ಲಿ ಎರಡು ಸಿಕ್ಕರೆ ರೋಗ ಖಚಿತ. ಜಗತ್ತಿನಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು 34 ಮಂದಿಗೆ ಇದು ಬರುತ್ತದೆಂಬ ಅಂದಾಜಿದೆ, ಹೆಚ್ಚುತ್ತಲೂ ಇದೆ. ಐವರಲ್ಲಿ ನಾಲ್ವರಿಗೆ ಸೌಮ್ಯವಾಗಿ ಬಂದು ಹೋಗುತ್ತದೆ. ಉಳಿದವರಲ್ಲಿ ಗ್ರಂಥಿಯ ಭಾಗ ಸತ್ತು, ಕಿಡ್ನಿ, ಪುಪ್ಪುಸ ಕೈಕೊಡುವ ಮಟ್ಟಕ್ಕೂ ಹೋಗಬಹುದು.

ಸೌಮ್ಯವಾಗಿ ಬಂದು ಹೋದ ಆ ನಾಲ್ವರೇ ನನ್ನ ಚಿಂತೆ. ತೀವ್ರ ನಿಗಾ ಘಟಕ ಕಂಡು ಬಂದವರು ಹೆದರಿರುತ್ತಾರೆ, ಹೇಳಿದ್ದನ್ನು ಕೇಳುತ್ತಾರೆ. ಐದು ದಿನಕ್ಕೆ ನಡೆದುಕೊಂಡು ಮನೆಗೆ ಬಂದವರಿಗೆ ಅದೊಂದು ಹೊಟ್ಟೆಬ್ಯಾನಿ, ಮುಗಿಯಿತು.

ಹಸಿದಿರಬೇಕೆಂಬ ನಂಬಿಕೆಯಿಂದಲೇ ಶುರು ಮಾಡೋಣ. ಅದು ಮನೆಮಂದಿ ಕಟ್ಟಿಕೊಂಡದ್ದಲ್ಲ, ವೈದ್ಯರೇ ಕಲಿಸಿದ್ದು. ಗ್ರಂಥಿಗೆ ವಿಶ್ರಾಂತಿ ಬೇಕು, ಬಾಯಿಂದ ಏನೂ ಹೋಗಕೂಡದು, ನೋವು ಪೂರ್ತಿ ಇಳಿದು ಕಿಣ್ವ ಮಾಮೂಲಿಗೆ ಬಂದ ಮೇಲೆ ನೀರು, ಆಮೇಲೆ ಗಂಜಿ, ಆಮೇಲೆ ಅನ್ನ ಎಂಬುದು ದಶಕಗಳ ಕಾಲ ಪಠ್ಯಪುಸ್ತಕದ ಪಾಠವಾಗಿತ್ತು. ಕಳೆದ ಇಪ್ಪತ್ತು-ಮೂವತ್ತು ವರ್ಷಗಳ ಪ್ರಯೋಗಗಳು ಅದನ್ನು ಬುಡಮೇಲು ಮಾಡಿದವು. ಕರುಳು ಬಹಳ ದಿನ ಖಾಲಿಬಿದ್ದರೆ ಅದರ ಒಳಗೋಡೆ ಸೊರಗುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಗೋಡೆ ದಾಟಿ ಸತ್ತ ಗ್ರಂಥಿಭಾಗಕ್ಕೆ ಸೋಂಕು ತಗಲಿಸುತ್ತವೆ. ರಕ್ತನಾಳದ ಮೂಲಕ ಪೋಷಣೆ ಕೊಟ್ಟವರನ್ನೂ ಕರುಳಿನ ಮೂಲಕವೇ ಆಹಾರ ಕೊಟ್ಟವರನ್ನೂ ಹೋಲಿಸಿದ 8 ಪ್ರಯೋಗಗಳನ್ನು ಕಾಕ್ರೇನ್ ಪರಾಮರ್ಶೆ 2010 ರಲ್ಲಿ ಒಟ್ಟಿಗಿಟ್ಟು ನೋಡಿತು. ಕರುಳಿಗೆ ಆಹಾರ ಹೋದವರಲ್ಲಿ ಸಾವಿನ ಅಪಾಯ ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ಹೈದರಾಬಾದಿನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿಯವರು 2008 ರಲ್ಲಿ ಪ್ರಕಟಿಸಿದ ಪ್ರಯೋಗ ನಮಗೆ ಇನ್ನೂ ಹತ್ತಿರದ್ದು. ಸೌಮ್ಯ ರೂಪದ ಸುಮಾರು ನೂರು ರೋಗಿಗಳಲ್ಲಿ ಒಂದು ಗುಂಪಿಗೆ ಮೊದಲ ಊಟವಾಗಿ ಬರೀ ತಿಳಿ ದ್ರವ, ಇನ್ನೊಂದಕ್ಕೆ ನೇರವಾಗಿ ಮೆತ್ತನೆಯ ಊಟ. ಮೆತ್ತನೆಯ ಊಟ ಮಾಡಿದವರಿಗೆ ನೋವೇನೂ ಹೆಚ್ಚು ಮರುಕಳಿಸಲಿಲ್ಲ. ಅವರು ಇನ್ನೊಂದು ಗುಂಪಿಗಿಂತ ಎರಡು ದಿನಕ್ಕೂ ಹೆಚ್ಚು ಮೊದಲೇ ಮನೆಗೆ ಹೋದರು. ಅಮೆರಿಕದ ಜಠರ-ಕರುಳು ತಜ್ಞರ ಸಂಘದ 2018 ರ ಮಾರ್ಗಸೂಚಿ ಇಂಥ ಆಧಾರಗಳ ಮೇಲೆ, ರೋಗಿಗೆ ಒಗ್ಗುವುದಾದರೆ 24 ಗಂಟೆಯೊಳಗೇ ಬಾಯಿಂದ ಆಹಾರ ಶುರು ಮಾಡಿ ಎಂದಿತು.

ಆಸ್ಪತ್ರೆಯಲ್ಲೇ ಎರಡನೆಯ ದಿನಕ್ಕೆ ಮೆತ್ತನೆಯ ಅನ್ನ-ಬೇಳೆ ಕೊಟ್ಟಿರುವಾಗ, ಮನೆಗೆ ಬಂದ ಮೂರನೆಯ ವಾರದಲ್ಲೂ ಬರೀ ಗಂಜಿಯ ಮೇಲೆ ಇಡುವುದು ಪಥ್ಯವಲ್ಲ, ಉಪವಾಸ. ಉರಿಯೂತದ ದಿನಗಳಲ್ಲಿ ದೇಹ ತನ್ನದೇ ಸ್ನಾಯುವನ್ನು ಒಡೆದು ಉರಿಸಿರುತ್ತದೆ. ಅದನ್ನು ತುಂಬಿಕೊಳ್ಳಲು ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.2 ರಿಂದ 1.5 ಗ್ರಾಂ ಪ್ರೋಟೀನು ಬೇಕೆಂಬುದು ಪೋಷಣತಜ್ಞರ ಸಾಮಾನ್ಯ ಲೆಕ್ಕ. 60 ಕಿಲೋ ತೂಗುವ ಆಳಿಗೆ 72 ರಿಂದ 90 ಗ್ರಾಂ. ಒಂದು ಬಟ್ಟಲು ಅಕ್ಕಿಗಂಜಿಯಲ್ಲಿ ಸಿಗುವುದು ಎರಡು-ಮೂರು ಗ್ರಾಂ. ಮಗ್ಗದ ಮುಂದೆ ಹನ್ನೆರಡು ತಾಸಿನ ಪಾಳಿ ನಿಲ್ಲಬೇಕಾದವನು ಗಂಜಿಯ ಬಲದ ಮೇಲೆ ಕೆಲಸಕ್ಕೆ ಮರಳಿದರೆ ಒಂದು ವಾರಕ್ಕೆ ಕುಸಿಯುತ್ತಾನೆ. ಕುಸಿದವನಿಗೆ ‘ತಾಕತ್ತು ಬರಲಿ’ ಎಂದು ಅಂಟಿನ ಉಂಡಿ, ಪಾಯಾ ಸೂಪು ಶುರುವಾಗುತ್ತವೆ. ಒಂದು ಅತಿಯಿಂದ ಇನ್ನೊಂದಕ್ಕೆ ಜಿಗಿಯುವ ಘಟ್ಟ ಇದೇ.

ಯಡ್ರಾವ ಶಿರೋಳ ತಾಲೂಕಿನ ಊರಾದರೂ ಬದುಕೆಲ್ಲ ಇಚಲಕರಂಜಿಯ ಮಗ್ಗಗಳ ಜೊತೆ ಹೊಸೆದುಕೊಂಡಿದೆ. 1904 ರಲ್ಲಿ ವಿಠ್ಠಲರಾವ್ ದಾತಾರ ಇಚಲಕರಂಜಿಯಲ್ಲಿ ಮೊದಲ ಯಂತ್ರಮಗ್ಗ ಹೂಡಿದರು. ಅದರ ಸದ್ದು ಈಗ ಯಡ್ರಾವದ ಔದ್ಯೋಗಿಕ ವಸಾಹತಿನವರೆಗೂ ಹಬ್ಬಿದೆ. ಮನೆಯಲ್ಲಿ ಕನ್ನಡ, ಕಾರ್ಖಾನೆಯಲ್ಲಿ ಮರಾಠಿ, ಡಿಸ್ಚಾರ್ಜ್ ಕಾರ್ಡಿನಲ್ಲಿ ಇಂಗ್ಲಿಷು. ಇಚಲಕರಂಜಿಯ ಐಜಿಎಂ ಇರಲಿ, ಕೊಲ್ಹಾಪುರದ ಸಿಪಿಆರ್ ಇರಲಿ, ಮಿರಜಿನ ದೊಡ್ಡ ಆಸ್ಪತ್ರೆಗಳಿರಲಿ, ‘ಸ್ವಾದುಪಿಂಡಕ್ಕ (ಮೇದೋಜೀರಕಕ್ಕ) ಸೂಜ್ ಬಂದಿತ್ತು’ ಎನ್ನುವಷ್ಟು ರೋಗಿಯ ತಲೆಗೆ ಹೋಗಿರುತ್ತದೆ. ಕಾರ್ಡಿನ ಕೆಳತುದಿಯ ‘ಲೋ ಫ್ಯಾಟ್ ಡಯಟ್’ ಎಂಬ ಮೂರು ಪದಗಳನ್ನು ನಮ್ಮ ಅಡುಗೆಮನೆಯ ಅಳತೆಗೆ ಇಳಿಸಿ ಹೇಳುವವರು ಇರುವುದಿಲ್ಲ. ಇಳಿಸಿ ನೋಡೋಣ.

ಚೇತರಿಕೆಯ ದಿನಗಳಲ್ಲಿ ಆಹಾರತಜ್ಞರು ಸಾಮಾನ್ಯವಾಗಿ ಹಾಕುವ ಮಿತಿ ದಿನಕ್ಕೆ ಒಟ್ಟು 30 ರಿಂದ 50 ಗ್ರಾಂ ಕೊಬ್ಬು. ಈಗ ಖಾರ ಬಿಟ್ಟ ‘ಸಪ್ಪೆ ಪಥ್ಯ’ದ ಒಂದು ದಿನವನ್ನು ತೂಗಿ. ಬೆಳಿಗ್ಗೆ ಒಂದು, ರಾತ್ರಿ ಒಂದು ದೊಡ್ಡ ಗ್ಲಾಸು ಎಮ್ಮೆ ಹಾಲು. 100 ಮಿ.ಲೀ.ಗೆ 7 ಗ್ರಾಂ ಎಂದು ಹಿಡಿದರೂ ಅರ್ಧ ಲೀಟರಿಗೆ 35 ಗ್ರಾಂ ಆಯಿತು. ಎರಡು ರೊಟ್ಟಿಗೆ ಎರಡು ಸಣ್ಣ ಚಮಚ ತುಪ್ಪ, ಸುಮಾರು 10 ಗ್ರಾಂ. ಶೇಂಗಾದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ ಇರುತ್ತದೆ, ಅಂದರೆ ದಿನಕ್ಕೆ 30 ಗ್ರಾಂ ಶೇಂಗಾ ಹಿಂಡಿ ತಿಂದರೆ ಇನ್ನೊಂದು 14 ಗ್ರಾಂ. ಪಲ್ಯಕ್ಕೆ, ಸಾರಿಗೆ ರೋಗಿಯ ಪಾಲಿಗೆ ಬರುವ ಒಂದು ದೊಡ್ಡ ಚಮಚ ಎಣ್ಣೆ 14 ಗ್ರಾಂ. ಒಟ್ಟು 73. ಒಂದು ತುಂಡು ಮಟನ್ ಇಲ್ಲ, ಒಂದು ವಡಾ ಇಲ್ಲ, ಒಂದು ಚಿಟಿಕೆ ಖಾರ ಇಲ್ಲ, ಆದರೂ ಮಿತಿ ದಾಟಿ ಎಷ್ಟೋ ಮುಂದೆ ಹೋಗಿಬಿಟ್ಟಿದೆ. ಸಂಜೆ ಬಾಯಾಡಿಸಲು ‘ಹಗುರ’ವೆಂದು ತರುವ ಜಯಸಿಂಗಪುರದ ಭಡಂಗ್‌ ಅನ್ನು ಈ ಲೆಕ್ಕಕ್ಕೆ ಸೇರಿಸಿಯೇ ಇಲ್ಲ. ಚುರಮುರಿ ಹಗುರವೇ ಸರಿ, ಅದಕ್ಕೆ ಸವರಿದ ಎಣ್ಣೆಯೂ ಬೆರೆಸಿದ ಶೇಂಗಾವೂ ಹಗುರವಲ್ಲ.

ಅದೇ ಮನೆಯ ಅದೇ ಸಾಮಾನಿನಿಂದ ಬೇರೆ ಊಟ ಮಾಡಬಹುದು, ಪೇಟೆಯ ಡಬ್ಬಿ ಪುಡಿಗೆ ದುಡ್ಡು ಸುರಿಯಬೇಕಾಗಿಲ್ಲ. ಎಮ್ಮೆ ಹಾಲು ಕಾಯಿಸಿ, ಆರಿಸಿ, ಕೆನೆ ತೆಗೆದು, ಮತ್ತೊಮ್ಮೆ ಹಾಗೇ ಮಾಡಿದರೆ ಕೊಬ್ಬು ಬಹಳಷ್ಟು ಇಳಿಯುತ್ತದೆ. ಅದಕ್ಕಿಂತ ವಾಸಿ ಕಡೆದು ಬೆಣ್ಣೆ ತೆಗೆದ ಮಜ್ಜಿಗೆ: ಪ್ರೋಟೀನು ಉಳಿದಿರುತ್ತದೆ, ಕೊಬ್ಬು ಹೆಚ್ಚೂಕಡಿಮೆ ಇಲ್ಲ. ಜೋಳದಲ್ಲಿ ನೂರಕ್ಕೆ ಹತ್ತು ಗ್ರಾಂನಷ್ಟು ಪ್ರೋಟೀನಿದ್ದು ಕೊಬ್ಬು ಅತ್ಯಲ್ಪ. ಮೊದಲ ವಾರ ಮೆತ್ತಗೆ ಬೇಯಿಸಿದ ನುಚ್ಚು, ಆಮೇಲೆ ರೊಟ್ಟಿ. ತೊಗರಿಬೇಳೆ, ಹೆಸರುಬೇಳೆಗೆ ನೂರಕ್ಕೆ ಇಪ್ಪತ್ತರ ಮೇಲೆ ಪ್ರೋಟೀನು. ಒಗ್ಗರಣೆ ಚಮಚದಲ್ಲಿ ಅಳೆದು ಹಾಕಿ, ಬಾಟಲಿ ಬಗ್ಗಿಸಬೇಡಿ. ತತ್ತಿ ತಿನ್ನುವವರು ಬಿಳಿಭಾಗ ಧಾರಾಳವಾಗಿ ತಿನ್ನಲಿ, ಹಳದಿಯಲ್ಲಿ ಐದು ಗ್ರಾಂ ಕೊಬ್ಬಿದೆ. ಚಿಕನ್ ಆದರೆ ಚರ್ಮ ಸುಲಿದು ಬೇಯಿಸಿದ ಎದೆಭಾಗ.

ಆಳಣಿಯ ಮಾತು ಬೇರೆಯಾಗಿ ಹೇಳಬೇಕು. ಮಟನ್ ಬೇಯಿಸಿದ ಖಾರವಿಲ್ಲದ ಈ ನೀರು ಕೊಲ್ಹಾಪುರದ ಕಡೆ ಮಕ್ಕಳಿಗೂ ಬೇನೆಯಿಂದ ಎದ್ದವರಿಗೂ ಕೊಡುವ ಮೊದಲ ಬಟ್ಟಲು. ಬಿಸಿಯಿದ್ದಾಗ ತಿಳಿಯಾಗಿ ಕಾಣುತ್ತದೆ, ಕುಡಿದವನಿಗೂ ಹಗುರವೆನ್ನಿಸುತ್ತದೆ. ಅದನ್ನೇ ಪಾತ್ರೆಯಲ್ಲಿ ರಾತ್ರಿ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಮುಚ್ಚಳ ತೆಗೆಯಿರಿ. ಮೇಲೆ ಬೆರಳು ದಪ್ಪ ಬಿಳಿ ಕೊಬ್ಬು ಹೆಪ್ಪುಗಟ್ಟಿ ನಿಂತಿರುತ್ತದೆ. ಆ ಪದರವನ್ನು ಚಮಚದಿಂದ ಎತ್ತಿ ಹಾಕಿ, ಕೆಳಗಿನದನ್ನು ಚೆನ್ನಾಗಿ ಕುದಿಸಿ ಕೊಟ್ಟರೆ ಅಜ್ಜಿಯ ಮಾತೂ ಉಳಿಯಿತು, ಡಾಕ್ಟರ ಮಾತೂ ಉಳಿಯಿತು. ತಾಂಬಡಾ ರಸ್ಸಾದ, ಮಿಸಳಿನ ಮೇಲೆ ತೇಲುವ ಕೆಂಪು ತರ್ರಿಯೂ ಇದೇ ವಸ್ತು, ಬಣ್ಣ ಮಾತ್ರ ಮೆಣಸಿನಕಾಯಿಯದು. ಬಿಳಿಯ ಪಾಂಢರಾ ರಸ್ಸಾ ಖಾರವಿಲ್ಲದ್ದೆಂದು ರೋಗಿಗೆ ಕೊಡುವವರಿದ್ದಾರೆ. ಕೊಬ್ಬರಿ ಹಾಲು, ಗಸಗಸೆ, ಎಳ್ಳು, ಗೋಡಂಬಿ ಅರೆದು ಹಾಕಿದ ಆ ರಸ್ಸಾ ಎಣ್ಣೆಯಂಶದಲ್ಲಿ ಕೆಂಪಿಗೇನೂ ಕಡಿಮೆಯಲ್ಲ. ಖಾರ ಹೊಟ್ಟೆ ಉರಿಸಿದರೆ ಕೆಲ ದಿನ ದೂರವಿಡಿ, ಅದು ಹೊಟ್ಟೆಯ ಮಾತು. ಒಂದು ಚಿಟಿಕೆ ಖಾರ ಬಿದ್ದರೆ ಊಟ ಸೇರುತ್ತದೆ ಎನ್ನುವವನಿಗೆ ಅದನ್ನು ತಪ್ಪಿಸಿ, ಶೇಂಗಾ ಸುರಿಯುವುದರಲ್ಲಿ ಅರ್ಥವಿಲ್ಲ.

ಒಮ್ಮೆಗೆ ಹೊಟ್ಟೆ ತುಂಬ ಉಣ್ಣುವ ಬದಲು ದಿನಕ್ಕೆ ಐದಾರು ಸಲ ಸ್ವಲ್ಪಸ್ವಲ್ಪ ಎಂಬ ಸಲಹೆ ಕೇಳಲು ಸುಲಭ, ಶಿರೋಳ-ಹಾತಕಣಂಗಲೆಯ ಬದುಕಿಗೆ ಹೊಂದಿಸುವುದು ಕಷ್ಟ. ಇಲ್ಲಿ ಕನ್ನಡ ಮಾತಾಡುವ ದಿಗಂಬರ ಜೈನ ರೈತಕುಟುಂಬಗಳು ಬಹಳ. ಸೂರ್ಯ ಮುಳುಗಿದ ಮೇಲೆ ಉಣ್ಣದವರು ಐದು ಊಟಗಳನ್ನೂ ಹಗಲಿನಲ್ಲೇ, ಎರಡೂವರೆ ತಾಸಿಗೊಂದರಂತೆ ಹಂಚಿಕೊಳ್ಳಬೇಕು. ಅದು ಸಾಧ್ಯವಿದೆ, ರಾತ್ರಿ ತಡವಾಗಿ ಹೊಟ್ಟೆ ತುಂಬ ಉಣ್ಣುವುದು ತಪ್ಪುವುದೂ ಒಳ್ಳೆಯದೇ. ಆದರೆ ದಶಲಕ್ಷಣದ ದಿನಗಳ ಏಕಾಶನ, ದಿನಕ್ಕೊಂದೇ ದೊಡ್ಡ ಊಟ, ಚೇತರಿಕೆಯ ತಿಂಗಳುಗಳಲ್ಲಿ ಬೇಡ. ರಮಜಾನಿನ ಉಪವಾಸಕ್ಕೂ ಇದೇ ಮಾತು, ಕಾಯಿಲೆಯವರಿಗೆ ವಿನಾಯಿತಿ ಆ ಧರ್ಮದಲ್ಲೇ ಇದೆ. ಇನ್ನು ಏಕಾದಶಿ, ನವರಾತ್ರಿಯ ‘ಉಪಾಸ’ವೋ! ಸಾಬುದಾಣಿ ಖಿಚಡಿ, ಶೇಂಗಾ ಪುಡಿ, ತುಪ್ಪದಲ್ಲಿ ಹುರಿದ ಬಟಾಟೆ. ವರ್ಷದ ಅತಿ ಜಿಡ್ಡಿನ ಊಟಗಳಲ್ಲಿ ಕೆಲವು ಉಪವಾಸದ ಹೆಸರಿನಲ್ಲೇ ಹೊಟ್ಟೆ ಸೇರುತ್ತವೆ. ಬಹುಹೊತ್ತು ಹೊಟ್ಟೆ ಖಾಲಿಬಿಟ್ಟರೆ ಪಿತ್ತಕೋಶ ಹಿಂಡಿಕೊಳ್ಳದೆ ಪಿತ್ತರಸ ಮಡುಗಟ್ಟುತ್ತದೆ, ಹರಳಾಗಲು ಅದು ಅನುಕೂಲ. ತೂಕ ಇಳಿಸಲು ಹೊರಟು ತಿಂಗಳಿಗೆ ಎಂಟು-ಹತ್ತು ಕಿಲೋ ಕಳೆಯುವವರಲ್ಲೂ ಹೀಗೇ ಹರಳು ಕಟ್ಟುತ್ತದೆ.

ಇಷ್ಟೆಲ್ಲ ಊಟದ ಮಾತಾಡಿದ ಮೇಲೆ ಒಂದು ಕಹಿ ಮಾತು. ಎಣ್ಣೆ ಅಳೆದು, ಕೆನೆ ತೆಗೆದು, ಎಷ್ಟೇ ಶಿಸ್ತಾಗಿದ್ದರೂ ಮೊದಲ ಉರಿಯೂತಕ್ಕೆ ಕಾರಣವಾದದ್ದು ಒಳಗೇ ಉಳಿದಿದ್ದರೆ ಎರಡನೆಯದು ಬಂದೇ ಬರಬಹುದು. ಕಾರಣಗಳಲ್ಲಿ ಮುಖ್ಯವಾದವು ಎರಡು, ಪಿತ್ತಕೋಶದ ಹರಳು ಮತ್ತು ಸಾರಾಯಿ. ಮೂರನೆಯದು ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಡೆಸಿಲೀಟರಿಗೆ 1000 ಮಿಲಿಗ್ರಾಂ ದಾಟುವುದು.

ಹರಳಿನವರ ಕಥೆ ಹೀಗೆ. ಸ್ಕ್ಯಾನ್‌ನಲ್ಲಿ ಹರಳು ಕಂಡಿದೆ, ಪಿತ್ತಕೋಶ ತೆಗೆಸಬೇಕೆಂದು ಹೇಳಿದ್ದಾರೆ, ಆದರೆ ನೋವು ನಿಂತಿದೆ. ‘ಈ ಸಲದ ಕಬ್ಬು ಹೋಗಲಿ, ಆಮ್ಯಾಲ ನೋಡೋಣು’ ಎಂದು ಮುಂದೂಡುತ್ತಾರೆ. ನೆದರ್ಲೆಂಡ್ಸ್‌ನ ಪೋಂಚೊ ಎಂಬ ಪ್ರಯೋಗ ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡಿತ್ತು, ಫಲಿತಾಂಶ 2015 ರಲ್ಲಿ ಬಂತು. ಹರಳಿನಿಂದ ಸೌಮ್ಯ ಉರಿಯೂತವಾದ 266 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ಅದೇ ದಾಖಲಾತಿಯಲ್ಲಿ ಪಿತ್ತಕೋಶ ತೆಗೆದರು, ಉಳಿದವರಿಗೆ 25 ರಿಂದ 30 ದಿನ ಬಿಟ್ಟು. ಆರು ತಿಂಗಳಲ್ಲಿ ಹರಳಿನ ತೊಂದರೆಯಿಂದ ಮತ್ತೆ ಆಸ್ಪತ್ರೆ ಸೇರಿದವರು ಅಥವಾ ತೀರಿಕೊಂಡವರು ಕಾದ ಗುಂಪಿನಲ್ಲಿ ನೂರಕ್ಕೆ 17, ಕಾಯದ ಗುಂಪಿನಲ್ಲಿ 5. ಇವರು ಕಾದದ್ದು ಒಂದೇ ತಿಂಗಳು ಎಂಬುದನ್ನು ಗಮನಿಸಿ. ನಮ್ಮಲ್ಲಿ ಒಂದು ಹಂಗಾಮು, ಒಂದು ಮದುವೆ, ಒಂದು ಮಳೆಗಾಲ ಎಂದು ವರ್ಷವೇ ಉರುಳುತ್ತದೆ. ಗ್ರಂಥಿಯ ಸುತ್ತ ನೀರು ತುಂಬಿದ್ದರೆ, ಉರಿಯೂತ ತೀವ್ರವಿದ್ದರೆ ಸರ್ಜನ್ನರೇ ಕೆಲವು ವಾರ ಕಾಯುತ್ತಾರೆ, ಅದು ಬೇರೆ. ಉಳಿದವರು ಕಾಯಲು ಕಾರಣವಿಲ್ಲ.

ಕಾಯುವ ಅವಧಿಯಲ್ಲಿ ನೆರೆಹೊರೆಯವರು ಸುಮ್ಮನಿರುವುದಿಲ್ಲ. ಹುರಳಿ ಕಟ್ಟು ಕುಡಿ, ಪಾನಫುಟಿ ಎಲೆ ತಿನ್ನು, ನನ್ನ ಅಳಿಯನ ಹರಳು ಕರಗಿತು ಎನ್ನುತ್ತಾರೆ. ಅಳಿಯನದು ಮೂತ್ರಪಿಂಡದ ಹರಳಾಗಿರುತ್ತದೆ. ಅಲ್ಲಿ ಸಣ್ಣ ಹರಳು ಮೂತ್ರದಲ್ಲಿ ತಾನಾಗಿ ಹೊರಬೀಳುವುದುಂಟು, ಕೀರ್ತಿ ಎಲೆಗೆ ಸಲ್ಲುತ್ತದೆ. ಪಿತ್ತಕೋಶದ ಹರಳು ಹೊರಬೀಳಲು ಇರುವ ದಾರಿ ಓಪಿ ಕಂಡ ಆ ಇಕ್ಕಟ್ಟಿನ ದ್ವಾರವೊಂದೇ, ಅಲ್ಲಿ ಸಿಕ್ಕಿಕೊಂಡರೆ ಉರಿಯೂತ. ಹುರಳಿ ಕಟ್ಟಿನಿಂದ ಕೆಡುಕಿಲ್ಲ, ಅದರ ನಂಬಿಕೆಯಲ್ಲಿ ಕಳೆದ ತಿಂಗಳುಗಳಿಂದ ಇದೆ. ಲಿಂಬೆರಸದ ಜೊತೆ ಬಟ್ಟಲುಗಟ್ಟಲೆ ಎಣ್ಣೆ ಕುಡಿದು ‘ಹರಳು ತೊಳೆಯುವ’ ಪ್ರಯೋಗವಂತೂ ಪಿತ್ತಕೋಶವನ್ನು ಒತ್ತಾಯದಿಂದ ಹಿಂಡಿಸುತ್ತದೆ. ಇಂಥ ರೋಗಿಗೆ ಅದಕ್ಕಿಂತ ಅಪಾಯದ ಮದ್ದು ಹುಡುಕುವುದು ಕಷ್ಟ.

ಶಿರೋಳ ತಾಲೂಕಿಗೆ ಮಳೆಗಾಲವೆಂದರೆ ಬೇರೆಯೇ ಅರ್ಥ. 2019 ರ ಆಗಸ್ಟ್‌ನಲ್ಲೂ 2021 ರ ಜುಲೈನಲ್ಲೂ ಪಂಚಗಂಗೆ, ಕೃಷ್ಣೆ ಉಕ್ಕಿ ಊರುಗಳು ನಡುಗಡ್ಡೆಗಳಾದವು. ಪುಣೆ-ಬೆಂಗಳೂರು ಹೆದ್ದಾರಿಯೇ ಕೊಲ್ಹಾಪುರದ ಬಳಿ ದಿನಗಟ್ಟಲೆ ಮುಚ್ಚಿತ್ತು. ಇಂಥ ವಾರದಲ್ಲಿ ಹರಳು ಜಾರಿದರೆ ಮಿರಜಿಗೂ ದಾರಿಯಿಲ್ಲ, ಕೊಲ್ಹಾಪುರಕ್ಕೂ ಇಲ್ಲ. ಮೊದಲ 24 ಗಂಟೆಯ ಸಲೈನೂ ನಿಗಾವೂ ಈ ರೋಗದಲ್ಲಿ ಬಹಳ ಮುಖ್ಯ. ಪಿತ್ತಕೋಶದಲ್ಲಿ ಹರಳಿಟ್ಟುಕೊಂಡು ಒಮ್ಮೆ ಉರಿಯೂತ ಕಂಡವರು ಆಪರೇಶನ್ನಿನ ತಾರೀಖನ್ನು ಮಿರಗದ ಮಳೆಗೆ ಮೊದಲು ಹಿಡಿಯುವುದು ಲೇಸು. ಮಹಾರಾಷ್ಟ್ರದಲ್ಲಿ ಮಹಾತ್ಮಾ ಜ್ಯೋತಿರಾವ್ ಫುಲೆ ಜನಾರೋಗ್ಯ ಯೋಜನೆಯಿದೆ. ಖರ್ಚಿನ ಹೆದರಿಕೆಗೆ ಮುಂದೂಡುವವರು ತಮಗೆ ಅದು ಸಿಗುತ್ತದೆಯೇ ಎಂದು ಆಸ್ಪತ್ರೆಯಲ್ಲಿ ಮೊದಲು ಕೇಳಲಿ.

ಬಾಟ್ಲಿಯ ವಿಷಯದಲ್ಲಿ ಚೌಕಾಸಿಯೇ ಹೆಚ್ಚು. ದೇಶಿ ಬಿಟ್ಟೆ, ಬಿಯರು ಮಾತ್ರ. ವಾರಕ್ಕೊಮ್ಮೆ, ಪಗಾರದ ದಿನ ಮಾತ್ರ. ಗ್ರಂಥಿಯ ಕೋಶಗಳಿಗೆ ಬ್ರಾಂಡು ಗೊತ್ತಾಗುವುದಿಲ್ಲ, ಮದ್ಯಸಾರ ಮಾತ್ರ ಗೊತ್ತಾಗುತ್ತದೆ. ಕುಡಿತದಿಂದ ಮೊದಲ ಉರಿಯೂತವಾದ 120 ಮಂದಿಯ ಮೇಲೆ ಫಿನ್ಲೆಂಡಿನಲ್ಲಿ ನಡೆದ ಪ್ರಯೋಗವೊಂದು 2009 ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಆಸ್ಪತ್ರೆಯಲ್ಲಿ ಒಮ್ಮೆ ಬುದ್ಧಿ ಹೇಳಿದರು. ಅರ್ಧ ಜನರನ್ನು ಮಾತ್ರ ಆರು ತಿಂಗಳಿಗೊಮ್ಮೆ ಕರೆದು ಮತ್ತೆ ಕೂತು ಮಾತಾಡಿದರು. ಎರಡು ವರ್ಷದಲ್ಲಿ ಮತ್ತೆ ಮತ್ತೆ ಮಾತಾಡಿಸಿಕೊಂಡವರಲ್ಲಿ ಮರುಕಳಿಕೆ ಇನ್ನೊಂದು ಗುಂಪಿನ ಅರ್ಧಕ್ಕಿಂತ ಕಡಿಮೆಯಿತ್ತು. ಗುಳಿಗೆಯಲ್ಲ, ಚುಚ್ಚುಮದ್ದಲ್ಲ, ಆರು ತಿಂಗಳಿಗೊಮ್ಮೆ ಒಂದು ಮಾತುಕತೆ. ಡಿಸ್ಚಾರ್ಜಿನ ದಿನ ‘ಕುಡೀಬ್ಯಾಡ್ರಿ’ ಎಂದು ಹೇಳಿ ಕಳಿಸಿದರೆ ಕೆಲಸ ಮುಗಿಯಲಿಲ್ಲ. ಶ್ರಾವಣಕ್ಕೆ ಮುಂಚಿನ ಗಟಾರಿ ಅಮಾವಾಸ್ಯೆ ಮಗ್ಗದ ಊರುಗಳಲ್ಲಿ ಹೇಗೆ ನಡೆಯುತ್ತದೆಂದು ಬಲ್ಲವರಿಗೆ ನನ್ನ ಭಯ ಅರ್ಥವಾದೀತು. ಮಟನ್ನಿನ ತರ್ರಿಯೂ ಕ್ವಾರ್ಟರೂ ಒಂದೇ ರಾತ್ರಿ ಒಂದೇ ಹೊಟ್ಟೆಗೆ ಬೀಳುವ ದಿನ ಅದು. ಸಿಹಿಮೂತ್ರವೂ ಇದ್ದವನ ರಕ್ತದಲ್ಲಿ ಟ್ರೈಗ್ಲಿಸರೈಡ್ ಮೊದಲೇ ಏರಿರುತ್ತದೆ, ಅಂಥ ರಾತ್ರಿ ಅದು ಎಲ್ಲಿಗೆ ಮುಟ್ಟೀತೆಂದು ಹೇಳಲಾಗದು. ಬೀಡಿ, ಸಿಗರೇಟು ಕೂಡ ಈ ರೋಗಕ್ಕೆ ತಾನೇ ಬೇರೆಯಾಗಿ ಒಂದು ಕಾರಣವೆಂದು ಈಗ ಖಚಿತವಾಗಿದೆ. ‘ಕುಡಿಯೋದು ಬಿಟ್ಟೀನಿ, ಬೀಡಿ ಒಂದು ಇರಲಿ’ ಎಂಬ ರಾಜಿಗೆ ಆಧಾರವಿಲ್ಲ.

ಮೊದಲ ಸಲ ಉರಿಯೂತವಾದವರಲ್ಲಿ ಐದಕ್ಕೊಬ್ಬರಿಗೆ ಮರುಕಳಿಸುತ್ತದೆ, ಹತ್ತಕ್ಕೊಬ್ಬರಿಗೆ ಅದು ಬೇರೂರಿ ಶಾಶ್ವತ ರೋಗವಾಗುತ್ತದೆ. ಮರುಕಳಿಸಿದವರಲ್ಲಿ ಹಾಗೆ ಬೇರೂರುವುದು ಮೂವರಲ್ಲಿ ಒಬ್ಬರಿಗೆ. 2015 ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಸಿಕ್ಕ ಅಂದಾಜು ಇದು. ಎರಡನೆಯ ಹೊಡೆತವನ್ನು ತಡೆಯುವುದು ಏಕೆ ಮುಖ್ಯವೆಂಬುದಕ್ಕೆ ಬೇರೆ ವಾದ ಬೇಕಿಲ್ಲ.

ಮರುಕಳಿಸದಿದ್ದರೂ ಸದ್ದಿಲ್ಲದೆ ಬರುವ ಹಾನಿ ಎರಡಿವೆ. ಈ ಗ್ರಂಥಿ ಜೀರ್ಣರಸದ ಜೊತೆಗೆ ಇನ್ಸುಲಿನ್ನನ್ನೂ ಮಾಡುತ್ತದೆ. 2014 ರಲ್ಲಿ ಪ್ರಕಟವಾದ ಪರಾಮರ್ಶೆಯೊಂದು 24 ಅಧ್ಯಯನಗಳ ಸುಮಾರು 1100 ರೋಗಿಗಳನ್ನು ನೋಡಿತ್ತು. ಉರಿಯೂತಕ್ಕೆ ಮುಂಚೆ ಸಕ್ಕರೆ ಕಾಯಿಲೆ ಇಲ್ಲದವರಲ್ಲಿ ಒಂದು ವರ್ಷದೊಳಗೆ ನೂರಕ್ಕೆ 15 ಮಂದಿಗೆ ಅದು ಬಂದಿತ್ತು, ಮುಂದಿನ ವರ್ಷಗಳಲ್ಲಿ ಇನ್ನೂ ಹೆಚ್ಚಿತು. ಸೌಮ್ಯ ಉರಿಯೂತದವರೂ ಇದರಿಂದ ಪಾರಾಗಿರಲಿಲ್ಲ. ಕಬ್ಬಿನ ನಾಡಿನಲ್ಲಿ, ‘ಎಣ್ಣೆ ಬ್ಯಾಡಂದ್ರ ಬೆಲ್ಲನರೆ ತಿನ್ನು’ ಎಂದು ಒತ್ತಾಯಿಸುವ ನಾಡಿನಲ್ಲಿ, ಇದನ್ನು ಬಿಡಿಸಿ ಹೇಳಬೇಕು. ಒಂದು ಗ್ಲಾಸು ಕಬ್ಬಿನ ಹಾಲಿನಲ್ಲಿ ಸುಮಾರು 30 ಗ್ರಾಂ ಸಕ್ಕರೆ. ಗ್ಲುಕೋಸ್ ಪುಡಿಯೂ ಸಕ್ಕರೆಯೇ. ಮೂರು ತಿಂಗಳಿಗೆ, ಆರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಖಾಲಿಹೊಟ್ಟೆಯ ಸಕ್ಕರೆಯನ್ನೂ ಎಚ್‌ಬಿಎ1ಸಿಯನ್ನೂ ನೋಡಿಸಿದರೆ ಗೊತ್ತಾಗುತ್ತದೆ, ಇಲ್ಲವಾದರೆ ಕಾಲಿನ ಗಾಯ ಮಾಯದಿದ್ದಾಗ ಗೊತ್ತಾಗುತ್ತದೆ.

ಇನ್ನೊಂದು ಹಾನಿ ಸಂಡಾಸಿನಲ್ಲಿ ಕಾಣುತ್ತದೆ, ಹಾಗಾಗಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಲೈಪೇಸ್ ಸಾಲದೆ ಹೋದರೆ ತಿಂದ ಕೊಬ್ಬು ಹಾಗೇ ಹೊರಬೀಳುತ್ತದೆ. ಮಲ ಬಿಳಿಚಿಕೊಂಡು, ಜಿಡ್ಡಾಗಿ, ವಿಪರೀತ ನಾರುತ್ತ, ನೀರು ಹಾಕಿದರೂ ತೇಲುತ್ತದೆ. ಉಂಡರೂ ತೂಕ ಇಳಿಯುತ್ತದೆ. ಆಸ್ಪತ್ರೆ ಬಿಟ್ಟ ಮೇಲೂ ನಾಲ್ಕರಲ್ಲಿ ಒಬ್ಬರಿಗಾದರೂ ಈ ಕೊರತೆ ಉಳಿದಿರುತ್ತದೆಂದು ಅಧ್ಯಯನಗಳು ಹೇಳುತ್ತವೆ. ಇವರು ಎಣ್ಣೆಯನ್ನು ಇನ್ನಷ್ಟು, ಮತ್ತಷ್ಟು ಕಡಿಮೆ ಮಾಡುತ್ತ ಹೋಗುವುದೇ ತಪ್ಪು. ಕೊಬ್ಬಿನಲ್ಲಿ ಕರಗುವ ಎ, ಡಿ ಜೀವಸತ್ವಗಳೂ ಕೈತಪ್ಪಿ, ಇರುಳಿನಲ್ಲಿ ಕಣ್ಣು ಮಂಜಾಗುವುದು, ಎಲುಬು ಸವೆಯುವುದು ಆಗುತ್ತದೆ. ಇದಕ್ಕೆ ಕಿಣ್ವದ ಕ್ಯಾಪ್ಸೂಲುಗಳಿವೆ. ಅವನ್ನು ಊಟಕ್ಕೆ ಅರ್ಧ ತಾಸು ಮೊದಲೋ ಕೈತೊಳೆದ ಮೇಲೋ ಅಲ್ಲ, ಮೊದಲ ತುತ್ತಿನ ಜೊತೆ, ಊಟದ ನಡುವೆ ನುಂಗಬೇಕು. ಎಷ್ಟು ಎಂಬುದನ್ನು ವೈದ್ಯರು ಊಟದ ಪ್ರಮಾಣ ನೋಡಿ ಹೇಳುತ್ತಾರೆ.

ಮನೆಗೆ ಬಂದು ನಾಲ್ಕನೆಯ-ಆರನೆಯ ವಾರದಲ್ಲಿ ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗಿ ವಾಂತಿ ಶುರುವಾದರೆ ಅದನ್ನು ಅಜೀರ್ಣ ಎಂದುಕೊಳ್ಳಬೇಡಿ. ಉರಿಯೂತದ ನಂತರ ಗ್ರಂಥಿಯ ಸುತ್ತ ಸೇರಿದ ದ್ರವ ನಾಲ್ಕು ವಾರದ ಹೊತ್ತಿಗೆ ಗೋಡೆ ಕಟ್ಟಿಕೊಂಡು ಚೀಲವಾಗಿ ಜಠರವನ್ನು ಒತ್ತುವುದುಂಟು. ಜೊತೆಗೆ ಚಳಿಜ್ವರ ಬಂದರೆ ಸೋಂಕಾಗಿರಬಹುದು. ಆಗ ಊಟ ಬದಲಿಸಿ ನೋಡುವುದು ಬಿಟ್ಟು ಸ್ಕ್ಯಾನಿಗೆ ಹೋಗಬೇಕು. ಕಣ್ಣು, ಮೂತ್ರ ಹಳದಿಯಾದರೆ, ಬೆನ್ನಿಗೆ ಹಾಯುವ ಆ ಬ್ಯಾನಿ ಮತ್ತೆ ಎದ್ದರೆ, ಸಂಜೆಯ ಓಪಿಡಿಗೆ ಕಾಯದೆ ಆ ಹೊತ್ತೇ ಹೊರಡಬೇಕು. ಹೊರಡುವಾಗ ಹಳೆಯ ಡಿಸ್ಚಾರ್ಜ್ ಕಾರ್ಡು, ಸ್ಕ್ಯಾನ್ ಫಿಲ್ಮು, ನುಂಗುತ್ತಿರುವ ಗುಳಿಗೆಗಳ ಚೀಟಿ ಜೊತೆಗಿರಲಿ. ಕೆಲವು ಗುಳಿಗೆಗಳಿಂದಲೂ ಈ ಉರಿಯೂತ ಬರುತ್ತದೆ. ಕೊನೆಯ ಸಲ ಯಾವಾಗ, ಎಷ್ಟು ಕುಡಿದದ್ದು ಎಂದು ಕೇಳಿದರೆ ಹೆಂಡತಿ ಪಕ್ಕದಲ್ಲಿದ್ದರೂ ನಿಜವನ್ನೇ ಹೇಳಿ, ಚಿಕಿತ್ಸೆಯ ಮೊದಲ ನಿರ್ಧಾರಗಳು ಅದರ ಮೇಲೆ ನಿಂತಿರುತ್ತವೆ.